ಚಂದ್ರವಳ್ಳಿಯ ಕತ್ತಲಲ್ಲಿ ಜೇಬಿನ ಟಾರ್ಚ್

ಜೇಬಿನಲ್ಲಿ ಸದಾ ಇರಬೇಕಾದ ಟಾರ್ಚಿಗೆ ಪ್ರಖರತೆಯೇ ದೊಡ್ಡ ಗುಣವೆಂದು ಮಾರುವವರೂ ಕೊಳ್ಳುವವರೂ ನಂಬಿರುವುದನ್ನು ನಾನು ಒಪ್ಪುವುದಿಲ್ಲ. ನಿತ್ಯದ ಬದುಕಿನಲ್ಲಿ ನಾವು ಬೆಳಕು ಹಿಡಿಯುವುದು ಬಹುಪಾಲು ಕೈಗೆಟಕುವ ವಸ್ತುಗಳ ಮೇಲೆಯೇ: ಮೀಟರ್ ಬೋರ್ಡಿನ ಫ್ಯೂಸು, ಬೈಕಿನ ಚೈನು, ಮಂಚದ ಕೆಳಗೆ ಉರುಳಿದ ಮಾತ್ರೆ. ಇಂಥ ಕೆಲಸಕ್ಕೆ ಬೇಕಾದುದು ಅಗಲವಾಗಿ ಹರಡುವ, ಕಣ್ಣು ಕುಕ್ಕದ, ಬಣ್ಣವನ್ನು ಇದ್ದಂತೆ ತೋರಿಸುವ ಬೆಳಕು. ಕಳೆದ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ದಾವಣಗೆರೆಯಲ್ಲಿ ನನ್ನ ಟಾರ್ಚನ್ನು ಇದಕ್ಕೆ ತಕ್ಕಂತೆ ಬದಲಾಯಿಸಿ, ಅದೇ ಮಧ್ಯಾಹ್ನ ಚಿತ್ರದುರ್ಗದ ಚಂದ್ರವಳ್ಳಿಗೆ ಕೊಂಡೊಯ್ದೆ.

ಅದು ಅಂಗೈಗಿಂತ ತುಸು ಉದ್ದದ ಅಲ್ಯೂಮಿನಿಯಂ ಟಾರ್ಚ್. ಒಳಗೆ 18650 ಎಂಬ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ ಸೆಲ್ ಒಂದೇ ಒಂದು ಕೂರುತ್ತದೆ. ಆ ಸಂಖ್ಯೆಯೇ ಹೇಳುವಂತೆ ಸೆಲ್ಲಿನ ಅಡ್ಡಳತೆ 18 ಮಿ.ಮೀ., ಉದ್ದ 65 ಮಿ.ಮೀ. ಎಲ್‌ಇಡಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಡ್ರೈವರ್ ಬೋರ್ಡಿನ ಮೇಲೆ 7135 ಎಂಬ ಪುಟ್ಟ ಚಿಪ್ಪುಗಳು ಎಂಟು ಇದ್ದವು. ಪ್ರತಿಯೊಂದೂ 350 ಮಿಲಿ ಆಂಪಿಯರ್ ವಿದ್ಯುತ್ತನ್ನು ಹರಿಯಬಿಡುವುದರಿಂದ ಪೂರ್ಣ ಹಂತದಲ್ಲಿ 2.8 ಆಂಪಿಯರ್ ಎಲ್‌ಇಡಿಗೆ ಹೋಗುತ್ತಿತ್ತು. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಅಷ್ಟು ವಿದ್ಯುತ್ತನ್ನು ಒಂದು ಸಣ್ಣ ಕೊಳವೆಯೊಳಗೆ ಉರಿಸಿದರೆ ಕೆಲವೇ ನಿಮಿಷಗಳಲ್ಲಿ ಟಾರ್ಚ್ ಕೈಯಲ್ಲಿ ಹಿಡಿಯಲಾಗದಷ್ಟು ಕಾಯುತ್ತದೆ.

ಮಂಡಿಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುವ ಪರಿಚಯದ ಹುಡುಗನೊಬ್ಬನ ಬಳಿ ಹಾಟ್ ಪ್ಲೇಟು, ಬಿಸಿಗಾಳಿಯ ಗನ್ನು, ಭೂತಗನ್ನಡಿ ಎಲ್ಲವೂ ಇವೆ. ಎಂಟರಲ್ಲಿ ನಾಲ್ಕು ಚಿಪ್ಪುಗಳನ್ನು ಕಿತ್ತುಹಾಕಬೇಕೆಂದಾಗ ಅವನು ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದ.

“ಅಣ್ಣಾ, ಎಲ್ಲಾರೂ ಬೆಳಕು ಜಾಸ್ತಿ ಮಾಡ್ಸಾಕೆ ಬರ್ತಾರೆ, ನೀವು ಕಮ್ಮಿ ಮಾಡಿಸ್ತಿದ್ದೀರಲ್ಲ?”

ವಿದ್ಯುತ್ತು ಅರ್ಧಕ್ಕೆ ಇಳಿದರೂ ಬೆಳಕು ಅರ್ಧಕ್ಕೆ ಇಳಿಯುವುದಿಲ್ಲ ಎಂದು ಅವನಿಗೆ ವಿವರಿಸಿದೆ. ಕಡಿಮೆ ವಿದ್ಯುತ್ತಿನಲ್ಲಿ ಎಲ್‌ಇಡಿಯ ದಕ್ಷತೆ ಹೆಚ್ಚುತ್ತದೆ. ಅಲ್ಲದೆ ನಮ್ಮ ಕಣ್ಣು ಬೆಳಕನ್ನು ಅಳೆಯುವ ಕ್ರಮವೇ ಬೇರೆಯಾದ್ದರಿಂದ ಅರ್ಧದಷ್ಟು ಬೆಳಕು ನಮಗೆ ತುಸು ಮಂಕಾದಂತೆ ಮಾತ್ರ ತೋರುತ್ತದೆ. ಇತ್ತ 3,000 ಮಿಲಿ ಆಂಪಿಯರ್ ಅವರ್‌ನ ಸೆಲ್ಲು ಪೂರ್ಣ ಹಂತದಲ್ಲಿ ಒಂದು ಗಂಟೆಯ ಬದಲು ಎರಡು ಗಂಟೆ ಬಾಳುತ್ತದೆ. ಇಷ್ಟು ಲಾಭವಿರುವಾಗ ಆ ನಾಲ್ಕು ಚಿಪ್ಪುಗಳನ್ನು ಉಳಿಸಿಕೊಳ್ಳಲು ನನಗೆ ಕಾರಣ ಕಾಣಲಿಲ್ಲ.

ಎಲ್‌ಇಡಿಯನ್ನು ಬದಲಿಸುವುದು ಹೆಚ್ಚು ಸೂಕ್ಷ್ಮದ ಕೆಲಸ. ಬಿಳಿ ಎಲ್‌ಇಡಿ ಎಂದರೆ ಮೂಲತಃ ನೀಲಿ ಎಲ್‌ಇಡಿಯ ಮೇಲೆ, ನೀಲಿ ಬೆಳಕಿನ ಒಂದು ಪಾಲನ್ನು ಹಳದಿಯಾಗಿಸುವ ಫಾಸ್ಫರ್ ಪುಡಿಯನ್ನು ಲೇಪಿಸಿದ್ದು. ಆ ನೀಲಿ ಎಲ್‌ಇಡಿಯನ್ನು ರೂಪಿಸಿದ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂದಿತು. ಅಗ್ಗದ ಬಿಳಿ ಎಲ್‌ಇಡಿಗಳಲ್ಲಿ ಕೆಂಪಿನ ಅಂಶ ತೀರ ಕಡಿಮೆ ಇರುವುದರಿಂದ ಅವುಗಳ ಬೆಳಕಿನಲ್ಲಿ ಮನುಷ್ಯರ ಮೈಬಣ್ಣ ಕಳೆಗುಂದಿ, ಕುಂಕುಮ ಕಂದಾಗಿ ಕಾಣುತ್ತದೆ. ಅದಕ್ಕಾಗಿ ನಾನು 4,000 ಕೆಲ್ವಿನ್ ವರ್ಣತಾಪದ, ಅಂದರೆ ತೀರ ನೀಲಿಯೂ ತೀರ ಹಳದಿಯೂ ಅಲ್ಲದ ಬಿಳುಪಿನ, ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆಂದು ನೂರಕ್ಕೆ ಅಳೆಯುವ ಸೂಚ್ಯಂಕ 90ಕ್ಕಿಂತ ಹೆಚ್ಚಿರುವ ಎಲ್‌ಇಡಿಯನ್ನು ತರಿಸಿಟ್ಟುಕೊಂಡಿದ್ದೆ. ಎಲ್‌ಇಡಿ ಕೂತಿರುವ 16 ಮಿ.ಮೀ. ಅಗಲದ ತಾಮ್ರದ ಬಿಲ್ಲೆಯನ್ನು ಹಾಟ್ ಪ್ಲೇಟಿನ ಮೇಲಿಟ್ಟು ಕಾಯಿಸಿದಾಗ, 183 ಡಿಗ್ರಿಯ ಹೊತ್ತಿಗೆ ತವರ-ಸೀಸದ ಸೋಲ್ಡರ್ ಕರಗಿ ಕನ್ನಡಿಯಂತೆ ಹೊಳೆಯಿತು. ಹಳೆಯದನ್ನು ಎತ್ತಿ, ಧನ ಋಣ ನೋಡಿ ಹೊಸದನ್ನು ಇಟ್ಟ ತಕ್ಷಣ ಕರಗಿದ ಸೋಲ್ಡರಿನ ಮೇಲ್ಮೈ ಸೆಳೆತಕ್ಕೆ ಅದು ತಾನಾಗಿಯೇ ಸರಿದು ನೆಟ್ಟಗೆ ಕೂತಿತು. ಚಿಮಟದಿಂದ ಅದರ ಪಕ್ಕವನ್ನು ಮಾತ್ರ ತಟ್ಟಬೇಕು, ಮೇಲಿನ ಗುಮ್ಮಟವನ್ನು ಒತ್ತಲೇಬಾರದು. ಬಿಲ್ಲೆಯ ಅಡಿಗೆ ಶಾಖವಾಹಕ ಪೇಸ್ಟನ್ನೂ ಮುಚ್ಚಳದ ತಿರುಪಿನ ಬಳಿಯ ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸನ್ನೂ ಸವರಿದೆವು. ವಾಹನಗಳ ಸ್ಟಿಕ್ಕರ್ ಕತ್ತರಿಸುವ ರೇಡಿಯಂ ಅಂಗಡಿಯಲ್ಲಿ ಕಚೇರಿಯ ಗಾಜುಗಳಿಗೆ ಅಂಟಿಸುವ ಮಸುಕು ಹಾಳೆಯ ಚೂರೊಂದನ್ನು ಪಡೆದು, ಗಾಜಿನ ಅಳತೆಗೆ ದುಂಡಗೆ ಕತ್ತರಿಸಿ ಅಂಟಿಸಿದೆ.

ಚಂದ್ರವಳ್ಳಿಯ ಅಂಕಲಿ ಮಠದ ಗುಹೆಗೆ ಹೋದವರಿಗೆ ಅಲ್ಲಿನ ಕತ್ತಲಿನ ಪರಿಚಯವಿರುತ್ತದೆ. ದೊಡ್ಡ ಬಂಡೆಗಳ ಅಡಿಯಲ್ಲಿ ಇಕ್ಕಟ್ಟಾದ ಮೆಟ್ಟಿಲುಗಳನ್ನು ಇಳಿಯುತ್ತ, ತಗ್ಗು ಬಾಗಿಲುಗಳಲ್ಲಿ ತಲೆ ಬಗ್ಗಿಸುತ್ತ ಕೋಣೆಯಿಂದ ಕೋಣೆಗೆ ಸಾಗಬೇಕು. ನಮ್ಮ ಗುಂಪಿನಲ್ಲಿ ಕೆಲವರು ಮೊಬೈಲಿನ ಬೆಳಕು ಹಿಡಿದಿದ್ದರು. ಗೈಡ್ ಹಿರಿಯರ ಕೈಯಲ್ಲಿ ದೂರಕ್ಕೆ ಹಾಯುವ ದೊಡ್ಡ ಟಾರ್ಚಿತ್ತು. ಅದರ ಬೆಳಕು ಗೋಡೆಯ ಮೇಲೆ ಒಂದು ಬಿಳಿಯ ದುಂಡು ಮೂಡಿಸುತ್ತಿತ್ತೇ ಹೊರತು ಕಾಲಡಿಯ ಮೆಟ್ಟಿಲನ್ನೂ ತಲೆಗೆ ತಾಗುವ ಕಲ್ಲನ್ನೂ ಒಟ್ಟಿಗೆ ತೋರಿಸುತ್ತಿರಲಿಲ್ಲ. ನನ್ನ ಟಾರ್ಚಿನ ನಡುಹಂತದ ಬೆಳಕು ಎರಡನ್ನೂ ಒಮ್ಮೆಲೇ ತೋರಿಸಿತು. ಹಿಂದಿದ್ದ ಅಜ್ಜಿಯೊಬ್ಬರು “ನೀವು ಮುಂದೆ ನಡೀರಪ್ಪ, ನಿಮ್ ಬೆಳಕಲ್ಲಿ ಮೆಟ್ಲು ಕಾಣ್ತಾವೆ” ಎಂದಾಗ ಬೆಳಗಿನ ಶ್ರಮವೆಲ್ಲ ಸಾರ್ಥಕವೆನಿಸಿತು.

ಒಳಕೋಣೆಯ ಗೋಡೆಯಲ್ಲಿ ಉಳಿದಿರುವ ಬಣ್ಣದ ಗುರುತುಗಳ ಬಳಿ ವ್ಯತ್ಯಾಸ ಇನ್ನೂ ಸ್ಪಷ್ಟವಾಯಿತು. ಮೊಬೈಲುಗಳ ಬೆಳಕಿನಲ್ಲಿ ಬೂದುಗಂದಾಗಿ ತೋರಿದ್ದು ಈ ಬೆಳಕಿನಲ್ಲಿ ಕೆಮ್ಮಣ್ಣಿನ ಬಣ್ಣವೆಂದು ತಿಳಿಯಿತು. ಒಂದು ಕೆಲಸಕ್ಕೆ ಮಾತ್ರ ಮಸುಕು ಹಾಳೆ ಅಡ್ಡಿಯಾಯಿತು. ಕಲ್ಲಿನ ಮೇಲ್ಮೈಯ ಏರುತಗ್ಗುಗಳನ್ನು ನೋಡಬೇಕಾದರೆ ಟಾರ್ಚನ್ನು ಗೋಡೆಗೆ ಒರಗಿಸಿದಂತೆ ಹಿಡಿದು ಓರೆಬೆಳಕು ಹಾಯಿಸಬೇಕು. ಹರಡಿದ ಬೆಳಕಿನಲ್ಲಿ ನೆರಳುಗಳು ಮೊನಚಾಗಿ ಬೀಳುವುದಿಲ್ಲ. ಹಾಳೆಯನ್ನು ಉಗುರಿನಿಂದ ಎಬ್ಬಿಸಿ ತೆಗೆದ ಮೇಲೆ ನುಣುಪೆಂದು ಕಂಡಿದ್ದ ಗೋಡೆಯಲ್ಲಿ ಸಣ್ಣ ಸಣ್ಣ ಗೆರೆಗಳೆಲ್ಲ ಎದ್ದು ಕಂಡವು. ಅದಕ್ಕೇ ಈಗ ಹಾಳೆಯನ್ನು ಗಾಜಿಗೆ ಅಂಟಿಸದೆ, ಟಾರ್ಚಿನ ತಲೆಗೆ ತೊಡಿಸಿ ತೆಗೆಯಬಹುದಾದ ರಬ್ಬರ್ ಟೋಪಿಯೊಂದನ್ನು ಬಳಸುತ್ತಿದ್ದೇನೆ.

ಹೊರಬಂದ ಮೇಲೆ ಗೈಡ್ ಹಿರಿಯರು ಟಾರ್ಚನ್ನು ಕೇಳಿ ಪಡೆದು, ತಿರುಗಿಸಿ ತಿರುಗಿಸಿ ನೋಡಿದರು. “ಜೇಬ್ನಾಗೆ ತಾನೇ ಹತ್ಕೊಂಡ್ ಬಿಡಂಗಿಲ್ವಾ ಸರ್?” ಎಂದು ಕೇಳಿದರು. ಹಿಂಬದಿಯ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರೆ ಸಾಕು. ತಿರುಪಿನ ಸುತ್ತುಗಳ ಮೇಲಿನ ಆನೊಡೈಸ್ ಎಂಬ ಗಟ್ಟಿ ಲೇಪದ ಪದರ ವಿದ್ಯುತ್ತನ್ನು ಹಾಯಗೊಡದ ಕಾರಣ ಗುಂಡಿ ಒತ್ತಿದರೂ ಹೊತ್ತುವುದಿಲ್ಲ ಎಂದು ಮಾಡಿ ತೋರಿಸಿದೆ. ಸೆಲ್ ಕೊಳ್ಳುವಾಗ ಎಚ್ಚರವಿರಲಿ ಎಂದೂ ಹೇಳಿದೆ. 18650 ಸೆಲ್ಲಿನ ಮೇಲೆ 9,000 ಮಿಲಿ ಆಂಪಿಯರ್ ಅವರ್ ಎಂದು ಮುದ್ರಿಸಿದ್ದರೆ ಅದು ಸುಳ್ಳು, ಸಾಚಾ ಸೆಲ್ಲುಗಳು ಬಹುಪಾಲು ಸುಮಾರು 3,500ರ ಆಸುಪಾಸಿಗೇ ನಿಲ್ಲುತ್ತವೆ. ಹೆಚ್ಚುವರಿ ಸೆಲ್ಲನ್ನು ಚಿಲ್ಲರೆ, ಬೀಗದಕೈಗಳ ಜೊತೆ ಡಬ್ಬಿಯಿಲ್ಲದೆ ಹಾಗೇ ಜೇಬಿಗೆ ಹಾಕಿದರೆ ಶಾರ್ಟ್ ಆಗಿ ಬೆಂಕಿ ಹೊತ್ತಬಹುದು. ಅವರು ಎಲ್ಲವನ್ನೂ ಗಮನವಿಟ್ಟು ಕೇಳಿ, ಸದ್ಯ ತಮ್ಮ ದೊಡ್ಡ ಟಾರ್ಚಿಗೇ ಆ ಮಸುಕು ಹಾಳೆ ಅಂಟಿಸಿ ನೋಡಬಹುದೇ ಎಂದರು. ಉಳಿದಿದ್ದ ಹಾಳೆ ಚೀಲದಲ್ಲೇ ಇತ್ತು. ಅಲ್ಲೇ ಕಲ್ಲುಕಟ್ಟೆಯ ಮೇಲೆ ಕೂತು ಅವರ ಟಾರ್ಚಿನ ಗಾಜಿನ ಅಳತೆಗೆ ಕತ್ತರಿಸಿಕೊಟ್ಟೆ.