ಮುಕ್ತ ತಂತ್ರಾಂಶಕ್ಕೆ ಕನ್ನಡ: ಪಿಓ ಕಡತದಲ್ಲಿ ಎಡವುವ ಜಾಗಗಳು

ಕೋಡ್ ಬರೆಯಲು ಬಾರದವರು ಮುಕ್ತ ತಂತ್ರಾಂಶಕ್ಕೆ ಏನು ಮಾಡಬಹುದು ಎಂದು ಕೇಳಿದರೆ "ಅನುವಾದ ಮಾಡಿ" ಎಂಬ ಉತ್ತರ ಸಿದ್ಧವಾಗಿರುತ್ತದೆ, ಅದೇನೋ ಸುಲಭದ ಕೆಲಸ ಎಂಬಂತೆ. ಕನ್ನಡದ ಮಟ್ಟಿಗೆ ಅದು ಸುಲಭವಲ್ಲ. ಇಂಗ್ಲಿಷ್ ಸಾಲಿನ ಅಚ್ಚಿನಲ್ಲಿ ಕನ್ನಡದ ವಿಭಕ್ತಿ ಕೂರುವುದಿಲ್ಲ, ಮತ್ತು ಕೂರದಿದ್ದಾಗ ಏನು ಮಾಡಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಸಾವಿರ ಸಾಲುಗಳನ್ನು ಯಂತ್ರಾನುವಾದಕ್ಕೆ ಹಾಕಿ ತುಂಬಿಸುವುದಕ್ಕಿಂತ, ಈಗಾಗಲೇ ಇರುವ ಹತ್ತು ಕೆಟ್ಟ ಸಾಲುಗಳನ್ನು ಸರಿಮಾಡಿ ಕಳಿಸುವುದು ದೊಡ್ಡ ಕೊಡುಗೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಯಾವ ಬಾಗಿಲಿನಿಂದ ಒಳಹೋಗಬೇಕೆಂದು ತಿಳಿದುಕೊಳ್ಳಿ. ಲಿನಕ್ಸ್‌ನಲ್ಲಿ ಬಳಸುವ ಡೆಸ್ಕ್‌ಟಾಪ್ ಪರಿಸರವಾದ ಗ್ನೋಮ್‌ನ ಅನುವಾದಗಳು ಡ್ಯಾಮ್ಡ್ ಲೈಸ್ ಎಂಬ ತಾಣದ ಮೂಲಕ ಹೋಗುತ್ತವೆ. ಲಿಬ್ರೆ ಆಫೀಸ್ ವೆಬ್ಲೇಟ್ ಬಳಸುತ್ತದೆ, ಮೊಝಿಲ್ಲಾ ಪೊಂಟೂನ್ ಬಳಸುತ್ತದೆ, ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿಯ ಸಾಲುಗಳು ಟ್ರಾನ್ಸ್‌ಲೇಟ್‌ವಿಕಿಯಲ್ಲಿವೆ. ಇಂಥ ತಾಣ ಇರುವ ಯೋಜನೆಗೆ ಗಿಟ್‌ನಲ್ಲಿ, ಅಂದರೆ ಕೋಡಿನ ಬದಲಾವಣೆಗಳನ್ನು ದಾಖಲಿಸುವ ವ್ಯವಸ್ಥೆಯಲ್ಲಿ, ನೇರವಾಗಿ ತಿದ್ದುಪಡಿ ಕಳಿಸಿದರೆ ಶ್ರಮ ವ್ಯರ್ಥವಾಗಬಹುದು. ತಾಣದಲ್ಲಿರುವ ಪ್ರತಿ ಮತ್ತೆ ಬಂದು ನಿಮ್ಮ ಸಾಲನ್ನು ಅಳಿಸಿಹಾಕುವುದುಂಟು. ಹಾಗಾಗಿ ಕೊಡುಗೆ ಹೇಗೆ ಕಳಿಸಬೇಕೆಂದು ಹೇಳುವ, ಯೋಜನೆಯ ಕಾಂಟ್ರಿಬ್ಯೂಟಿಂಗ್ ಕಡತವನ್ನು ಓದಿಯೇ ಮುಂದುವರಿಯಿರಿ.

ಇನ್ನು ಪಿಓ ಕಡತ, ಅಂದರೆ ಅನುವಾದದ ಸಾಲುಗಳಿರುವ ಕಡತ. ಗ್ನು ಗೆಟ್‌ಟೆಕ್ಸ್ಟ್ ಎಂಬ ಅನುವಾದದ ಉಪಕರಣ ಬಳಸುವ ಯಾವುದೇ ತಂತ್ರಾಂಶದಲ್ಲಿ ಇದರ ರೂಪ ಒಂದೇ: ಮೂಲ ಇಂಗ್ಲಿಷ್ ಸಾಲು, ಅದರ ಕೆಳಗೆ ಅನುವಾದಕ್ಕೆ ಜಾಗ. ಆ ಜಾಗ ಖಾಲಿ ಇದ್ದರೆ ಬಳಕೆದಾರರಿಗೆ ಇಂಗ್ಲಿಷೇ ಕಾಣುತ್ತದೆ. ಅದರಿಂದ ನಷ್ಟವೇನಿಲ್ಲ, ತಪ್ಪು ಕನ್ನಡಕ್ಕಿಂತ ಖಾಲಿ ಜಾಗ ಮೇಲು. ಪ್ರತಿ ಸಾಲಿನ ಮೇಲೆ ಹ್ಯಾಶ್ ಚಿಹ್ನೆಯಿಂದ ಶುರುವಾಗುವ ಟಿಪ್ಪಣಿಗಳಿರುತ್ತವೆ. ಆ ಸಾಲು ಮೂಲ ಕೋಡಿನ ಯಾವ ಕಡತದ್ದು, ಪ್ರೋಗ್ರಾಮರ್ ಅನುವಾದಕರಿಗೆ ಏನು ಹೇಳಿದ್ದಾರೆ ಎಂಬುದೆಲ್ಲ ಅಲ್ಲಿದೆ. ಓದದೆ ಬಿಟ್ಟರೆ "ಫ್ರೀ" ಎಂಬ ಒಂದೇ ಪದ ಡಿಸ್ಕಿನಲ್ಲಿ ಉಳಿದ ಖಾಲಿ ಜಾಗವೋ, ದುಡ್ಡಿಲ್ಲದೆ ಸಿಗುವುದೋ, ಸ್ವಾತಂತ್ರ್ಯವೋ ಗೊತ್ತಾಗುವುದಿಲ್ಲ. "ರೈಟ್" ಬಲವೂ ಆಗಬಹುದು, ಸರಿಯೂ ಆಗಬಹುದು.

ನಿಜವಾದ ತೊಡಕು ಇರುವುದು ಬದಲಿ ಗುರುತುಗಳಲ್ಲಿ. ಶೇಕಡಾ ಚಿಹ್ನೆಯ ಪಕ್ಕ ಇಂಗ್ಲಿಷ್ ಎಸ್ ಬಂದರೆ ಅಲ್ಲೊಂದು ಹೆಸರು, ಡಿ ಬಂದರೆ ಅಲ್ಲೊಂದು ಸಂಖ್ಯೆ ಬಂದು ಕೂರುತ್ತದೆ. ಇಲ್ಲಿ ಅವನ್ನು %ಎಸ್, %ಡಿ ಎಂದು ಬರೆಯುತ್ತೇನೆ. "%ಎಸ್ ಗೆ ಕಳಿಸಲಾಗಿದೆ" ಎಂಬ ಸಾಲು ನೋಡಿ. ಅನುವಾದಕರು ಅದನ್ನು ಬರೆಯುವಾಗ ತಪ್ಪು ಕಾಣುವುದಿಲ್ಲ. ಓಡಿಸಿದಾಗ ಪರದೆಯ ಮೇಲೆ "ರಮೇಶ ಗೆ", "ಗುರು ಗೆ", "ಬೆಂಗಳೂರು ಗೆ" ಎಂದು ಬರುತ್ತದೆ. ರಮೇಶನಿಗೆ, ಗುರುವಿಗೆ, ಬೆಂಗಳೂರಿಗೆ ಎಂದಾಗಬೇಕಿತ್ತು. ಮೂರಕ್ಕೂ ಮೂರು ಬಗೆಯ ಜೋಡಣೆ ಬೇಕು, ಯಂತ್ರಕ್ಕೆ ಅದು ತಿಳಿಯದು. ಪರಿಹಾರ ನಮ್ಮ ಭಾಷೆಯಲ್ಲೇ ಇದೆ. ಪ್ರತ್ಯಯವನ್ನು ಹೆಸರಿಗೆ ಅಂಟಿಸುವ ಬದಲು ಪಕ್ಕದಲ್ಲಿ ನಮಗೆ ಗೊತ್ತಿರುವ ಪದವೊಂದನ್ನು ನಿಲ್ಲಿಸಿ ಅದರ ಹೆಗಲಿಗೆ ಏರಿಸಬೇಕು: "%ಎಸ್ ಅವರಿಗೆ ಕಳಿಸಲಾಗಿದೆ", "%ಎಸ್ ಎಂಬ ಕಡತವನ್ನು ಅಳಿಸಲಾಗಿದೆ", "%ಎಸ್ ಎಂಬ ಕಡತಕೋಶದಲ್ಲಿ ಸಿಗಲಿಲ್ಲ". ಅಲ್ಲಿ ಬರುವುದು ವ್ಯಕ್ತಿಯೋ ಕಡತವೋ ಗೊತ್ತಾಗದಿದ್ದರೆ ಹೆಸರನ್ನು ಕೊನೆಗೆ ತಳ್ಳಿ ನಡುವೆ ಕೋಲನ್ ಚಿಹ್ನೆ ಹಾಕಿ: "ಅಳಿಸಲಾಗಿದೆ: %ಎಸ್". ಸ್ವಲ್ಪ ಒಣಗಿದಂತೆ ಕಾಣುತ್ತದೆ, ನಿಜ. ಆದರೆ ಯಾವ ಹೆಸರು ಬಂದರೂ ತಪ್ಪಾಗುವುದಿಲ್ಲ. ಲಿಂಗದ ತೊಡಕಿಗೂ ಇಂಥದೇ ದಾರಿಯಿದೆ. "ಬರೆಯುತ್ತಿದ್ದಾನೆ", "ಬರೆಯುತ್ತಿದ್ದಾಳೆ" ಎರಡೂ ಬೇಡ. "ಬರೆಯುತ್ತಿದ್ದಾರೆ" ಎಂದರೆ ಗೌರವವೂ ಉಳಿಯಿತು, ಊಹೆಯೂ ತಪ್ಪಿತು.

ಒಂದೇ ಸಾಲಿನಲ್ಲಿ ಎರಡು ಗುರುತುಗಳಿದ್ದರೆ ಇನ್ನಷ್ಟು ಎಚ್ಚರ ಬೇಕು. ಇಂಗ್ಲಿಷ್‌ನಲ್ಲಿ ಸಂಖ್ಯೆ ಮೊದಲು, ಹೆಸರು ಆಮೇಲೆ ಬಂದರೆ ಕನ್ನಡದಲ್ಲಿ ಸಾಮಾನ್ಯವಾಗಿ ತಿರುಗುಮುರುಗು ಆಗುತ್ತದೆ. ಸುಮ್ಮನೆ ಜಾಗ ಬದಲಿಸಿದರೆ ಸಿ ಭಾಷೆಯ ಪ್ರೋಗ್ರಾಮ್ ಸಂಖ್ಯೆಯನ್ನು ಹೆಸರೆಂದು ಓದಲು ಹೋಗಿ ಅಲ್ಲೇ ಕುಸಿಯಬಹುದು. ಶೇಕಡಾ ಚಿಹ್ನೆಯ ನಂತರ ಕ್ರಮಾಂಕ, ಡಾಲರ್ ಚಿಹ್ನೆ, ಆಮೇಲೆ ಅಕ್ಷರ ಹಾಕಿ: %2$ಎಸ್, %1$ಡಿ. ಹೀಗೆ ಬರೆದರೆ ಯಾವುದು ಎಲ್ಲಿ ಬಂದರೂ ಸರಿಹೋಗುತ್ತದೆ.

ವಚನದ ಎಡವಟ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಕನ್ನಡಕ್ಕೆ ಎರಡು ರೂಪ, ಅಷ್ಟು ಎಲ್ಲರಿಗೂ ಗೊತ್ತು. ಆದರೆ ಸೊನ್ನೆ ಯಾವ ರೂಪಕ್ಕೆ ಸೇರುತ್ತದೆ? ಆಯಾ ಭಾಷೆಯ ರೂಢಿಗಳನ್ನು ಕಲೆಹಾಕಿರುವ ಯೂನಿಕೋಡ್‌ನ ಸಿಎಲ್‌ಡಿಆರ್ ದತ್ತಾಂಶದಲ್ಲಿ ಕನ್ನಡದ 0 ಮತ್ತು 1 ಎರಡೂ ಮೊದಲ ರೂಪಕ್ಕೇ ಸೇರಿವೆ. ಕೆಲವು ಪಿಓ ಕಡತಗಳ ತಲೆಬರಹದಲ್ಲಿ ಇದೇ ನಿಯಮವಿದೆ; ಇನ್ನು ಕೆಲವದರಲ್ಲಿ ಇಂಗ್ಲಿಷ್‌ನಂತೆ 1 ಮಾತ್ರ ಮೊದಲ ರೂಪ. ಮೊದಲ ರೂಪದಲ್ಲಿ %ಡಿ ತೆಗೆದು "ಒಂದು ಕಡತ ಆಯ್ಕೆಯಾಗಿದೆ" ಎಂದು ಚೆಂದ ಮಾಡಿ ಬರೆದರೆ, ಸೊನ್ನೆಯನ್ನೂ ಅಲ್ಲಿಗೆ ಸೇರಿಸುವ ನಿಯಮದಡಿ ಏನೂ ಆಯ್ಕೆಯಾಗದಿದ್ದಾಗಲೂ "ಒಂದು" ಎಂದೇ ತೋರಿಸುತ್ತದೆ. ಎರಡೂ ರೂಪಗಳಲ್ಲಿ %ಡಿ ಇಟ್ಟುಬಿಡಿ. ಜನರ ವಿಷಯಕ್ಕೆ ಬಂದರೆ "3 ಜನ", "3 ಮಂದಿ" ಎಂದರೆ ಸಾಕು, "ಗಳು" ಹಾಕುವ ಅಗತ್ಯವೇ ಇಲ್ಲ.

ಯಾರು ಯಾರಿಗೆ ಮಾತಾಡುತ್ತಿದ್ದಾರೆ ಎಂಬುದನ್ನೂ ಕೇಳಿಕೊಳ್ಳಬೇಕು. ಗುಂಡಿಯ ಮೇಲಿನ ಪದ ಬಳಕೆದಾರರು ಗಣಕಕ್ಕೆ ಕೊಡುವ ಆಜ್ಞೆ, ಹಾಗಾಗಿ "ಉಳಿಸು", "ಅಳಿಸು", "ಮುಚ್ಚು". ಸೂಚನೆಯ ಸಾಲು ಗಣಕ ಬಳಕೆದಾರರಿಗೆ ಹೇಳುವ ಮಾತು, ಅಲ್ಲಿ "ಕಡತವನ್ನು ಆಯ್ಕೆ ಮಾಡಿ", "ಗುಪ್ತಪದ ನಮೂದಿಸಿ". ಎರಡನ್ನೂ ಬೆರೆಸಿದರೆ ಒಂದೇ ಕಿಟಕಿಯಲ್ಲಿ ಏಕವಚನ, ಬಹುವಚನ ಕಲಸಿಹೋಗಿ ಓದುವವರಿಗೆ ಕಿರಿಕಿರಿ. ಕಡತವೋ ಫೈಲೋ ಎಂಬ ಜಗಳಕ್ಕೆ ನನ್ನ ಉತ್ತರ ಸರಳ: ಆ ತಂತ್ರಾಂಶದಲ್ಲಿ ಹಿಂದಿನವರು ಏನು ಬಳಸಿದ್ದಾರೋ ಅದನ್ನೇ ಮುಂದುವರಿಸಿ. ಬದಲಿಸಲೇಬೇಕೆಂದರೆ ತಂಡದಲ್ಲಿ ಚರ್ಚಿಸಿ ಎಲ್ಲ ಕಡೆ ಒಟ್ಟಿಗೆ ಬದಲಿಸಿ.

ಮೆನುವಿನ ಪದಗಳಲ್ಲಿ ಅಡಿಗೆರೆ ಇದ್ದರೆ ಅದು ಆಲ್ಟ್ ಕೀಲಿಯೊಂದಿಗೆ ಒತ್ತುವ ಅಕ್ಷರದ ಗುರುತು. ಗ್ನೋಮ್‌ನಲ್ಲಿ ಅಡಿಗೆರೆ (_), ಇನ್ನೊಂದು ಡೆಸ್ಕ್‌ಟಾಪ್ ಪರಿಸರವಾದ ಕೆಡಿಇಯಲ್ಲಿ ಆಂಪರ್ಸಂಡ್ (&), ಲಿಬ್ರೆ ಆಫೀಸ್‌ನ ಮೆನುಗಳಲ್ಲಿ ಟಿಲ್ಡೆ (~). ಅದನ್ನು ಕನ್ನಡ ಅಕ್ಷರಗಳ ನಡುವೆ ತುರುಕಬೇಡಿ. ಒತ್ತಕ್ಷರದ ಮಧ್ಯೆ ಬಿದ್ದರೆ ಅಕ್ಷರವೇ ಒಡೆದು ಚುಕ್ಕೆಯ ವೃತ್ತ ಕಾಣಬಹುದು. ಕನ್ನಡ ಪದ ಬರೆದು, ಕೊನೆಗೆ ಆವರಣದಲ್ಲಿ ಗುರುತು ಮತ್ತು ಮೂಲದ ಇಂಗ್ಲಿಷ್ ಅಕ್ಷರವನ್ನು ಇಡುವುದು ರೂಢಿ.

ಇನ್ನೊಂದು ಕಣ್ಕಟ್ಟು ಅನುಸ್ವಾರದ್ದು. ಕನ್ನಡದ ಸೊನ್ನೆ "೦" ಮತ್ತು ಅನುಸ್ವಾರ "ಂ" ನೋಡಲು ಹೆಚ್ಚುಕಡಿಮೆ ಒಂದೇ. ಯೂನಿಕೋಡ್‌ನಲ್ಲಿ ಮೊದಲನೆಯದು 0ಸಿಇ6, ಎರಡನೆಯದು 0ಸಿ82. "ಕ೦ಪ್ಯೂಟರ್" ಎಂದು ಸೊನ್ನೆ ಹಾಕಿ ಬರೆದರೆ ಕಣ್ಣಿಗೆ ಸರಿ ಕಂಡರೂ ಹುಡುಕಿದಾಗ ಸಿಗುವುದಿಲ್ಲ, ಅಕಾರಾದಿ ಜೋಡಣೆಯೂ ತಪ್ಪುತ್ತದೆ. ಪಿಓ ಕಡತದಲ್ಲಿ "೦" ಹುಡುಕಿ, ಅಂಕಿಯಾಗಿ ಬಳಸದ್ದನ್ನೆಲ್ಲ ಅನುಸ್ವಾರಕ್ಕೆ ಬದಲಿಸಿ. ಹೊಸಬರು ಒಂದು ಸಂಜೆಯಲ್ಲಿ ಮಾಡಿ ಮುಗಿಸಬಹುದಾದ ಒಳ್ಳೆಯ ಕೆಲಸ ಇದು. ಹಾಗೆಯೇ "ಫೈಲ್‌ಗಳು" ಎಂಬಲ್ಲಿ ಲ್ ಆದಮೇಲೆ ಕಣ್ಣಿಗೆ ಕಾಣದ ಜೋಡಿಸದಿರುವ ಗುರುತು ಬೇಕು, ಯೂನಿಕೋಡ್‌ನ 200ಸಿ. ಇಲ್ಲದಿದ್ದರೆ ಅದು "ಫೈಲ್ಗಳು" ಆಗುತ್ತದೆ.

ಮಬ್ಬು ಎಂದು ಗುರುತಾದ ಸಾಲುಗಳು, ಅಂದರೆ ಫಝಿ, ಬಳಕೆದಾರರಿಗೆ ಕಾಣುವುದಿಲ್ಲ. ಮೂಲ ಬದಲಾದಾಗ ಅಥವಾ ಹೋಲುವ ಹಳೆಯ ಅನುವಾದ ಸಿಕ್ಕಾಗ ಉಪಕರಣ ಅದನ್ನು ಹಾಕಿ ಗುರುತು ಬಿಡುತ್ತದೆ. ಓದದೆ ಗುರುತು ಮಾತ್ರ ಕಿತ್ತರೆ "ಸಕ್ರಿಯಗೊಳಿಸು" ಇರಬೇಕಾದಲ್ಲಿ "ನಿಷ್ಕ್ರಿಯಗೊಳಿಸು" ಕೂರಬಹುದು.

ಕಳಿಸುವ ಮೊದಲು ಎಂಎಸ್‌ಜಿಎಫ್‌ಎಂಟಿ ಎಂಬ ಆಜ್ಞೆಯನ್ನು ಹೈಫನ್ ಸಿ ಆಯ್ಕೆಯೊಂದಿಗೆ ಓಡಿಸಿ. ಬದಲಿ ಗುರುತು ಹೊಂದದಿರುವುದು, ಸಾಲಿನ ಕೊನೆಯ ಹೊಸಸಾಲಿನ ಚಿಹ್ನೆ ಬಿಟ್ಟುಹೋಗಿರುವುದು, ತಲೆಬರಹದ ಕೊರತೆ ಎಲ್ಲ ಅಲ್ಲೇ ಸಿಕ್ಕಿಬೀಳುತ್ತವೆ. ಆಮೇಲೆ ಎಂಓ ಕಡತ, ಅಂದರೆ ತಂತ್ರಾಂಶ ನೇರವಾಗಿ ಓದುವ ರೂಪ, ಮಾಡಿ, ತಂತ್ರಾಂಶವನ್ನು ಕನ್ನಡದಲ್ಲಿ ತೆರೆದು ನೋಡಿ. ಕನ್ನಡ ಬಾರದೆ ಇಂಗ್ಲಿಷೇ ಬಂದರೆ ಗಾಬರಿ ಬೇಡ. ವ್ಯವಸ್ಥೆಯ ಲೊಕೇಲ್, ಅಂದರೆ ಭಾಷೆ-ಪ್ರದೇಶದ ಹೊಂದಿಕೆ, ಬರೀ "ಸಿ" ಎಂದಿದ್ದರೆ ಗೆಟ್‌ಟೆಕ್ಸ್ಟ್ ಭಾಷೆಯ ಆಯ್ಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕನ್ನಡದ ಲೊಕೇಲ್ ಸಿದ್ಧಪಡಿಸಿಕೊಂಡು ಮತ್ತೆ ಪ್ರಯತ್ನಿಸಿ. ಪರದೆಯ ಮೇಲೆ ನೋಡುವಾಗ ಒತ್ತಕ್ಷರಗಳ ಬುಡ ಗುಂಡಿಯ ಅಂಚಿನಲ್ಲಿ ಕತ್ತರಿಸಿಹೋಗಿದೆಯೇ, ಉದ್ದದ ಪದ ಮೂರು ಚುಕ್ಕೆಯಾಗಿ ಮುಗಿದಿದೆಯೇ ಎಂದು ಪರೀಕ್ಷಿಸಿ.

ಗಿಟ್ ಮೂಲಕ ಕಳಿಸುವುದಾದರೆ ಒಂದು ಮಾತು. ಕೆಲವು ಸಂಪಾದಕಗಳು ಉಳಿಸುವಾಗ ಇಡೀ ಕಡತದ ಸಾಲುಗಳನ್ನು ಮರುಮಡಿಸುತ್ತವೆ. ನೀವು ತಿದ್ದಿದ್ದು ಹತ್ತು ಸಾಲು, ಗಿಟ್ ತೋರಿಸುವ ವ್ಯತ್ಯಾಸದಲ್ಲಿ ಕಾಣುವುದು ಸಾವಿರಾರು ಸಾಲು. ಪರಿಶೀಲಿಸುವವರು ಓದದೆ ಪಕ್ಕಕ್ಕಿಟ್ಟರೆ ಅವರ ತಪ್ಪಲ್ಲ. ಕಳಿಸುವ ಮೊದಲು ವ್ಯತ್ಯಾಸವನ್ನು ನೀವೇ ಒಮ್ಮೆ ಓದಿ. ಕಡತದ ತಲೆಯಲ್ಲಿರುವ ಹಿಂದಿನ ಅನುವಾದಕರ ಹೆಸರುಗಳನ್ನು ಮಾತ್ರ ಯಾವ ಕಾರಣಕ್ಕೂ ಅಳಿಸಬೇಡಿ. ಅವರ ಕೆಲಸದ ಮೇಲೆಯೇ ನಮ್ಮದು ನಿಂತಿದೆ. ನಿಮ್ಮ ಹೆಸರು ಅವರ ಕೆಳಗೆ ಬರಲಿ.

ಯೋಜನೆಯ ನಿರ್ವಾಹಕರಿಗೆ ಕನ್ನಡ ಬರುವುದು ಅಪರೂಪ. ಹಳೆಯ ಸಾಲು, ಹೊಸ ಸಾಲು, ಏಕೆ ಬದಲಿಸಿದ್ದು ಎಂಬ ಒಂದೆರಡು ವಾಕ್ಯದ ಇಂಗ್ಲಿಷ್ ವಿವರಣೆ, ಜೊತೆಗೊಂದು ಪರದೆಯ ಚಿತ್ರ ಕೊಡಿ. ಎಷ್ಟು ತಿಣುಕಿದರೂ ಕನ್ನಡಕ್ಕೆ ಒಗ್ಗದ ಸಾಲು ಸಿಕ್ಕರೆ, ಉದಾಹರಣೆಗೆ ಒಂದೇ ವಾಕ್ಯವನ್ನು ಮೂರು ತುಂಡು ಮಾಡಿ ಕೋಡಿನಲ್ಲಿ ಅಂಟಿಸಿದ್ದರೆ, ಅನುವಾದದಲ್ಲಿ ಹೊಂದಿಸಿಕೊಳ್ಳಬೇಡಿ. ಮೂಲ ಕೋಡಿನ ದೋಷವೆಂದೇ ವರದಿ ಮಾಡಿ, ಪೂರ್ತಿ ವಾಕ್ಯವನ್ನು ಒಂದೇ ಸಾಲಾಗಿ ಕೊಡಲು ಕೇಳಿ. ಅದು ಸರಿಹೋದರೆ ತೆಲುಗು, ತಮಿಳು, ತುರ್ಕಿ, ಫಿನ್ನಿಷ್ ಅನುವಾದಕರ ತಲೆನೋವೂ ಇಳಿಯುತ್ತದೆ.

ಗ್ನೋಮ್ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹೊಸ ಆವೃತ್ತಿ ಬಿಡುತ್ತದೆ. ಅದಕ್ಕೂ ಮುಂಚೆ ಕೆಲವು ವಾರ ಮೂಲ ಸಾಲುಗಳಿಗೆ ಕೈಹಚ್ಚದಂತೆ ತಡೆ ಹಾಕುತ್ತಾರೆ. ಆಗ ಮಾಡಿದ ಅನುವಾದ ಮರುದಿನವೇ ಹಳತಾಗುವ ಭಯವಿಲ್ಲ. ಕನ್ನಡದ ಸಾಲು ತಿದ್ದುವವರಿಗೆ ಅದೇ ಸುಗ್ಗಿ. ಆ ವಾರಗಳಿಗೆ ಸ್ವಲ್ಪ ಮೊದಲೇ ಒಂದು ಸಣ್ಣ ತಂತ್ರಾಂಶವನ್ನು, ಕ್ಯಾಲ್ಕುಲೇಟರ್‌ನಂಥದ್ದನ್ನು, ಡ್ಯಾಮ್ಡ್ ಲೈಸ್‌ನಲ್ಲಿ ನಿಮ್ಮ ಹೆಸರಿಗೆ ಕಾದಿರಿಸಿಕೊಳ್ಳಿ.