ಯಾರ ಸ್ಕೋಪ್‌ನಾಗ ಅದರಿ?

ಮಂಗಳವಾರ ನಮ್ಮ ಆಸ್ಪತ್ರೆಯಲ್ಲಿ ಭೂಕಂಪದ ಮಾಕ್ ಡ್ರಿಲ್ ಇತ್ತು. ಚೆನ್ನಾಗಿಯೇ ಆಯಿತು. ಆದರೆ ಡ್ರಿಲ್ ಮುಗಿಯುವ ಹೊತ್ತಿಗೆ ನಮ್ಮ ಹಿರಿಯ ಸಿಸ್ಟರ್ ಕೇಳಿದ ಒಂದು ಪ್ರಶ್ನೆ ಮನಸ್ಸಿನಿಂದ ಹೋಗುತ್ತಿಲ್ಲ. ಡ್ಯೂಟಿ ಮುಗಿಸಿ ಮನೆಗೆ ಬಂದು ಅಡುಗೆಗೆ ನಿಂತರೂ ಅದೇ, ರಾತ್ರಿ ಕ್ಯಾಜುವಲ್ಟಿಯಲ್ಲಿ ಕೂತರೂ ಅದೇ.

ನರ್ಸಿಂಗ್ ಕಾಲೇಜಿನ ಮಕ್ಕಳೇ ಗಾಯಾಳುಗಳು. ಒಬ್ಬೊಬ್ಬರ ಕೊರಳಲ್ಲಿ ಒಂದೊಂದು ಚೀಟಿ. ಪೋರ್ಟಿಕೋದಲ್ಲಿ ನಮ್ಮ ಇಂಟರ್ನ್‌ಗಳು ನಿಂತು, ಯಾರನ್ನು ಮೊದಲು ನೋಡಬೇಕೆಂದು ತಿಳಿಸುವ ಬಣ್ಣದ ಪಟ್ಟಿ ಹಂಚುತ್ತಿದ್ದರು. ನಡೆದು ಬರಬಲ್ಲವರು ಹಸಿರು. ಉಸಿರು ನಿಮಿಷಕ್ಕೆ 30 ದಾಟಿದ್ದರೆ, ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ ಅಥವಾ ಹೇಳಿದ್ದು ತಿಳಿಯದಿದ್ದರೆ ಕೆಂಪು. ಉಳಿದವರು ಹಳದಿ. ಉಸಿರಿನ ದಾರಿ ತೆರೆದ ಮೇಲೂ ಉಸಿರಾಡದವರು ಕಪ್ಪು. ಒಬ್ಬರಿಗೆ ಅರ್ಧ ನಿಮಿಷ, ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುವ ಹಾಗಿಲ್ಲ. ಇಂಟರ್ನ್‌ಗಳು ಎಷ್ಟು ಶಾಂತವಾಗಿ ಕೆಲಸ ಮಾಡಿದರೆಂದರೆ ನನಗೆ ನಿಜಕ್ಕೂ ಹೆಮ್ಮೆಯಾಯಿತು. ಆರು ವರ್ಷದ ಕೂಸಿನ ಪಾತ್ರ ಮಾಡಿದ ಸಣಕಲು ಹುಡುಗಿಯೊಬ್ಬಳು ಕೆಂಪು ಪಟ್ಟಿ ಕಟ್ಟಿಸಿಕೊಂಡು ನನ್ನ ಟೆಂಟಿಗೆ ಬಂದಳು. ಅಲ್ಲಿಂದ ಆಪರೇಷನ್ ಥಿಯೇಟರ್ (ಓಟಿ) ಬಾಗಿಲು ಮುಟ್ಟಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ಸಿಸ್ಟರ್ ಮುಂದೆ ಬಂದರು.

"ಸರ್, ಈ ಕೂಸಿನ ಅವ್ವ ಹಳದಿ ಟೆಂಟಿನಾಗ ಕುಂತಾಳ. ಕೂಸು ಓಟಿಗೆ ಹೋಗ್ಯದ ಅಂತ ಆಕಿಗೆ ಯಾರು ಹೇಳ್ತಾರ್ರಿ?"

ಡ್ರಿಲ್ ನಡೆಸುತ್ತಿದ್ದವರು ಕೈಯಲ್ಲಿದ್ದ ಸ್ಟಾಪ್‌ವಾಚ್ ನೋಡಿಕೊಂಡು, "ಸಿಸ್ಟರ್, ಅದು ಇವತ್ತಿನ ಡ್ರಿಲ್‌ನ ಸ್ಕೋಪ್‌ನಲ್ಲಿ ಇಲ್ಲ" ಎಂದರು.

"ಹಂಗಾದ್ರ ಯಾರ ಸ್ಕೋಪ್‌ನಾಗ ಅದರಿ?"

ಯಾರೂ ಮಾತಾಡಲಿಲ್ಲ. ಆಮೇಲೆ ಗ್ರೂಪ್ ಫೋಟೋಕ್ಕೆ ಕರೆದರು.

ಹಳದಿ ಟೆಂಟಿಗೆ ಹೋಗಿ ನೋಡಿದೆ. ಕೊನೆ ವರ್ಷದ ವಿದ್ಯಾರ್ಥಿನಿಯೊಬ್ಬಳು ಕೈಗೆ ಸ್ಪ್ಲಿಂಟ್ ಕಟ್ಟಿಸಿಕೊಂಡು ಕೂತಿದ್ದಳು. ಅವಳ ಚೀಟಿಯಲ್ಲಿ ಎರಡು ಸಾಲು. ಮೊದಲನೆಯದು, 'ಬಲ ಮುಂಗೈ ಮುರಿತ'. ಅದರ ಕೆಳಗೆ ಅದೇ ನೀಲಿ ಪೆನ್ನಿನಲ್ಲಿ, 'ಆರು ವರ್ಷದ ಮಗಳು ಜತೆಗಿದ್ದಳು'. ಹಿಂದಿನ ರಾತ್ರಿ ಚೀಟಿಗಳನ್ನೆಲ್ಲ ಬರೆದವರು ಸಿಸ್ಟರೇ. ಮೊದಲ ಸಾಲು ಓದಿ ಸ್ಪ್ಲಿಂಟ್ ಕಟ್ಟಿದವರು ಎರಡನೆಯದನ್ನು ಓದಿರಲಿಲ್ಲ. ಓದಿದ್ದರೂ ಏನು ಮಾಡಬೇಕೆಂದು ನಮ್ಮ ಪ್ಲಾನ್‌ನಲ್ಲಿ ಎಲ್ಲೂ ಬರೆದಿಲ್ಲ.

ಡ್ರಿಲ್ ನಡೆಸಿದವರ ಮೇಲೆ ನನಗೆ ಸಿಟ್ಟಿಲ್ಲ. ಕಷ್ಟಪಟ್ಟು ಕೆಲಸ ಮಾಡುವ ಮನುಷ್ಯ, ತಿಂಗಳುಗಟ್ಟಲೆ ಓಡಾಡಿ ಇದನ್ನು ಆಗಮಾಡಿದ್ದಾರೆ. ಆದರೆ ತಪಾಸಣೆಯವರು ಕೇಳುವುದು ನಿಮಿಷಗಳನ್ನು, ಹಾಗಾಗಿ ಇವರು ಅಳೆಯುವುದೂ ನಿಮಿಷಗಳನ್ನೇ. ತಾಯಿಗೆ ಸುದ್ದಿ ಮುಟ್ಟಿತೇ ಎಂಬುದಕ್ಕೆ ಆ ಫಾರ್ಮಿನಲ್ಲಿ ಕಾಲಂ ಇಲ್ಲ.

ಸಂಜೆ ಕ್ಯಾಂಟೀನ್‌ನಲ್ಲಿ ಚಹಾ ಕುಡಿಯುತ್ತ ಸಿಸ್ಟರ್ 1993ರ ಭೂಕಂಪದ ಮಾತು ತೆಗೆದರು. ಆಗ ಅವರು ಸೊಲ್ಲಾಪುರದಲ್ಲಿ ನರ್ಸಿಂಗ್ ಮೊದಲ ವರ್ಷದಲ್ಲಿದ್ದರಂತೆ. ಕಲಬುರಗಿ ಕಡೆಯವರಿಗೆ ಆ ರಾತ್ರಿ ಬಿಡಿಸಿ ಹೇಳಬೇಕಿಲ್ಲ. ಸೆಪ್ಟೆಂಬರ್ 30, ಬೆಳಗಿನ ಜಾವ 3:56. ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಸುತ್ತ ಕಲ್ಲು-ಮಣ್ಣಿನ ದಪ್ಪ ಗೋಡೆಗಳು, ಮೇಲೆ ಮಣ್ಣಿನ ಮಾಳಿಗೆ. ಕಂಪನ 6.2ರಷ್ಟೇ ಇದ್ದರೂ ಎಲ್ಲ ಕುಸಿದು 8,000ದಿಂದ 10,000 ಜನ ಹೋದರು. ಅದಕ್ಕೆ ಮೊದಲು ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಇದ್ದದ್ದು ಒಂದನೇ ವಲಯದಲ್ಲಿ, ಅಂದರೆ ಅತಿ ಕಡಿಮೆ ಅಪಾಯದ ಕಡೆ. ಆಮೇಲೆ 2002ರಲ್ಲಿ ಆ ವಲಯವನ್ನೇ ನಕ್ಷೆಯಿಂದ ತೆಗೆದುಹಾಕಿದರು.

"ಲಾರಿ, ಟೆಂಪೋ, ಟ್ರ್ಯಾಕ್ಟರ್, ಏನ್ ಸಿಕ್ತದ ಅದರಾಗ ತರ್ತಿದ್ರು. ಮೂಗಿನಾಗ, ಕಿವಿಯಾಗ, ಬಾಯಾಗ ಎಲ್ಲಾ ಮಣ್ಣ. ಗಂಡಸೋ ಹೆಂಗಸೋ ಗೊತ್ತಾಗ್ತಿದ್ದಿಲ್ಲ. ನಮ್ಮಂಥ ಹೊಸಬರಿಗೆ ಬಕೆಟ್‌ನಾಗ ನೀರ್ ಕೊಟ್ಟು ಮುಖಾ ತೊಳೀರಿ ಅಂದ್ರು. ನಾ ದಿನಪೂರ್ತಿ ಮುಖಾ ತೊಳ್ದೀನಿ, ಮೇಡಂ."

ತೊಡೆ ಮೂಳೆ ಮುರಿದ ಪುಟ್ಟ ಹುಡುಗಿಯೊಬ್ಬಳು ಅವರ ವಾರ್ಡಿನಲ್ಲಿದ್ದಳು. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರು. ಕೇಳಿದ್ದಕ್ಕೆಲ್ಲ ಸುಮ್ಮನೆ ನೋಡುವಳು, ಬಾಯಿ ಬಿಡುವವಳಲ್ಲ. ಸಿಸ್ಟರ್‌ಗಳೇ ಒಂದು ಹೆಸರಿಟ್ಟು ಕರೆಯುತ್ತಿದ್ದರು. ಅವಳ ಸೋದರಮಾವ ಲಾತೂರ್, ಉಮರ್ಗಾ, ಸೊಲ್ಲಾಪುರ ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ತಿರುಗಿ, ಹಾಸಿಗೆ ಹಾಸಿಗೆಗೂ ಹೋಗಿ ಮುಖ ನೋಡುತ್ತ ಬಂದಿದ್ದಾನೆ. "ಎರಡ್ ಸಲ ನನ್ನ ಮುಂದ್ಹಾಸೇ ಹೋಗ್ಯಾನ್ರಿ. ಕೂಸಿನ ಮುಖಾ ಬಾತಿತ್ತು, ಗುರ್ತು ಹಿಡೀಲಿಲ್ಲ. ಮೂರನೇ ಸಲ ಬಂದಾಗ ಕೂಸೇ ಮಾಮಾ ಅಂತ ಒದರ್ತು."

ಇಷ್ಟು ಹೇಳಿ ಸಿಸ್ಟರ್ ಚಹಾದ ಲೋಟ ಕೆಳಗಿಟ್ಟರು. ಇಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದ್ದರೂ ಅವರ ಬಾಯಲ್ಲಿ ಈ ಮಾತು ಕೇಳಿದ್ದು ನಾನು ಇದೇ ಮೊದಲು.

ಅಂದಿನಿಂದ ಓದಿದ್ದು, ತಿಳಿದದ್ದು ಎಲ್ಲವನ್ನೂ ಈ ಒಂದು ಪ್ರಶ್ನೆಯ ಎದುರಿಗಿಟ್ಟು ನೋಡುತ್ತಿದ್ದೇನೆ. ದೊಡ್ಡ ಭೂಕಂಪ ಆದಾಗಲೆಲ್ಲ ನಮ್ಮ ಮಾತು ಎಷ್ಟು ಡಾಕ್ಟರು ಹೋದರು, ಎಷ್ಟು ಔಷಧಿ ಹೋಯಿತು ಎಂಬುದರ ಸುತ್ತಲೇ ಇರುತ್ತದೆ. ಗುಜರಾತಿನ ಭುಜ್‌ನಲ್ಲಿ 2001ರ ಜನವರಿ 26ರ ಬೆಳಿಗ್ಗೆ ಸಿವಿಲ್ ಆಸ್ಪತ್ರೆಯೇ ಕುಸಿದು ಬಿತ್ತು. ಅಲ್ಲಿನ ಡಾಕ್ಟರುಗಳು ಜುಬಿಲಿ ಮೈದಾನದಲ್ಲಿ, ಬಟ್ಟಬಯಲಲ್ಲಿ ಗಾಯಾಳುಗಳನ್ನು ಮಲಗಿಸಿಕೊಂಡು ಚಿಕಿತ್ಸೆ ಮಾಡಿದರು. ತಮ್ಮ ಮನೆಯವರು ಏನಾದರೆಂದು ಗೊತ್ತಿಲ್ಲದೆ ಹಾಗೆ ನಿಂತು ದುಡಿದವರ ಬಗ್ಗೆ ನನಗೆ ಅಪಾರ ಗೌರವ. ಆ ಊರಿನಲ್ಲಿ ಈಗ ಇರುವ ಜನರಲ್ ಆಸ್ಪತ್ರೆಯ ಕಟ್ಟಡವನ್ನು ಬುಡದಲ್ಲಿ ಸೀಸ-ರಬ್ಬರಿನ ಬೇರಿಂಗ್ ಇಟ್ಟು, ನೆಲ ಅಲುಗಿದರೂ ಮೇಲೆ ಅಷ್ಟಾಗಿ ತಟ್ಟದ ಹಾಗೆ ಕಟ್ಟಿದ್ದಾರೆ. ಕಟ್ಟಡದ ಪಾಠ ನಾವು ಕಲಿತೆವು. ಆದರೆ ಬಯಲಲ್ಲಿ ಮಲಗಿದ್ದವರನ್ನು ವಿಮಾನ ಹತ್ತಿಸಿ ದೂರದ ಊರುಗಳಿಗೆ ಸಾಗಿಸುವಾಗ, ಯಾರು ಯಾವ ಊರಿಗೆ ಹೋದರೆಂದು ಹುಡುಕಿಕೊಂಡು ಬಂದವರಿಗೆ ಹೇಳುವವರು ಯಾರು ಎಂಬ ಪಾಠ?

ಹೈಟಿಯದು ಇನ್ನೂ ಕಷ್ಟದ ಕಥೆ. 2010ರ ಜನವರಿಯಲ್ಲಿ ಅಲ್ಲಿ ಭೂಕಂಪವಾದಾಗ ಲೋಕದ ನಾಲ್ಕೂ ಮೂಲೆಯಿಂದ ವೈದ್ಯರ ತಂಡಗಳು ಇಳಿದವು. ಯಾರು ಬಂದರು, ಏನು ಬಲ್ಲವರು, ಎಲ್ಲಿ ಕೂತರು ಎಂಬ ಲೆಕ್ಕ ಇರಲಿಲ್ಲ. ಕೈಕಾಲು ಕತ್ತರಿಸಿದ ಆಪರೇಷನ್‌ಗಳು ಸಾವಿರಗಟ್ಟಲೆ ನಡೆದವು. ಅದರಲ್ಲಿ ಎಷ್ಟೋ ಕಡೆ ಆಪರೇಷನ್ ಮಾಡಿದ ತಂಡ ವಾಪಸ್ ಹೋಯಿತು, ರೋಗಿಯ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಮುಂದೆ ಡ್ರೆಸ್ಸಿಂಗ್ ಬಿಚ್ಚುವವನಿಗೆ ಒಳಗೆ ಏನು ಮಾಡಿದ್ದಾರೆ ಗೊತ್ತಿಲ್ಲ. ಸರ್ಜನ್ ಎಷ್ಟೇ ನಿಪುಣನಿರಲಿ, ಹಾಗೆ ಬಿಟ್ಟು ಹೋದರೆ ಅದನ್ನು ಅರ್ಧ ಚಿಕಿತ್ಸೆ ಎಂದೇ ನಾನು ಕರೆಯುತ್ತೇನೆ. ಆ ಅನುಭವದಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೊರದೇಶದ ವೈದ್ಯಕೀಯ ತಂಡಗಳಿಗೆ ದರ್ಜೆ, ನಿಯಮ ಮಾಡಿತು. ತಂಡ ಬಂದ ಕೂಡಲೇ ನೋಂದಾಯಿಸಬೇಕು, ರೋಗಿಯ ದಾಖಲೆ ಇಡಬೇಕು, ಹೋಗುವಾಗ ಒಪ್ಪಿಸಿ ಹೋಗಬೇಕು.

ಆ ನಿಯಮ ನೇಪಾಳದಲ್ಲಿ ಉಪಯೋಗಕ್ಕೆ ಬಂತು. 2015ರ ಏಪ್ರಿಲ್ 25, ಶನಿವಾರ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು. ಸುಮಾರು 9,000 ಸಾವು, 22,000ಕ್ಕೂ ಹೆಚ್ಚು ಗಾಯಾಳುಗಳು. ಗುಡ್ಡದ ಜಿಲ್ಲೆಗಳಲ್ಲಿ ಆರೋಗ್ಯ ಕೇಂದ್ರಗಳೇ ನೆಲಸಮ. ಹೊರಗಿನಿಂದ ನೂರಕ್ಕೂ ಹೆಚ್ಚು ತಂಡಗಳು ಬಂದವು, ಇಳಿಯಲು ಕಾಠ್ಮಂಡುವಿನಲ್ಲಿ ಇದ್ದದ್ದು ಒಂದೇ ರನ್‌ವೇ. ಅಲ್ಲಿನ ಆರೋಗ್ಯ ಸಚಿವಾಲಯದ ತುರ್ತು ಕಾರ್ಯಾಚರಣೆ ಕೇಂದ್ರ ಆ ತಂಡಗಳನ್ನು ನೋಂದಾಯಿಸಿಕೊಂಡು ಎಲ್ಲಿ ಬೇಕೋ ಅಲ್ಲಿಗೆ ಕಳಿಸುವ ಕೆಲಸ ಹೊತ್ತುಕೊಂಡಿತು. ಬಡ ದೇಶ, ನೆಲ ಇನ್ನೂ ಅಲುಗುತ್ತಿದೆ, ಮೇ 12ಕ್ಕೆ ಮತ್ತೊಂದು 7.3ರ ಕಂಪನ. ಅಂಥದರಲ್ಲಿ ಅವರು ಮಾಡಿದ ಕೆಲಸವನ್ನು ನಾವು ಕಲಿಯಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿ ಬಹುಬೇಗ ಎದ್ದು ಬಂದ ತೊಡಕು ಆಪರೇಷನ್ನಿನದಲ್ಲ. ಕಾಲು ಕೂಡಿಸಿದ್ದಾಯಿತು, ಬೆನ್ನುಹುರಿ ಪೆಟ್ಟಾದವರು ಚೇತರಿಸಿಕೊಳ್ಳುತ್ತಿದ್ದಾರೆ, ಹಾಸಿಗೆ ಖಾಲಿ ಮಾಡಬೇಕು. ಆದರೆ ಡಿಸ್ಚಾರ್ಜ್ ಮಾಡಿದರೆ ಹೋಗಲು ಮನೆಯೇ ಇಲ್ಲ. ನಡುವೆ ಇರಲು ಜಾಗ, ನೋಡಿಕೊಳ್ಳಲು ಜನ, ಊರಿನಲ್ಲಿ ಯಾರು ಉಳಿದಿದ್ದಾರೆಂಬ ಮಾಹಿತಿ, ಎಲ್ಲವನ್ನೂ ಹೊಂದಿಸಬೇಕಾಯಿತು. ಸಿಸ್ಟರ್ ಕೇಳಿದ್ದು ಅದನ್ನೇ ಅಲ್ಲವೇ?

ಇದು ಬರೀ ಕರುಳಿನ ವಿಷಯ, ಮೊದಲು ಜೀವ ಉಳಿಸೋಣ ಎನ್ನುವವರು ನನ್ನ ಸಹೋದ್ಯೋಗಿಗಳಲ್ಲೇ ಇದ್ದಾರೆ. ಬುಧವಾರ ಒಬ್ಬರು ಹಾಗೆಂದೇ ವಾದಿಸಿದರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ.

ಗೋಡೆಯಡಿ ಗಂಟೆಗಟ್ಟಲೆ ತೊಡೆ ಸಿಕ್ಕಿಕೊಂಡವನನ್ನು ಹೊರಗೆಳೆದಾಗ ಅವನು ಮಾತಾಡುತ್ತಿರುತ್ತಾನೆ, ನೀರು ಕೇಳುತ್ತಾನೆ. ನೋಡಿದವರು ಹಳದಿ ಕಟ್ಟುತ್ತಾರೆ. ಆದರೆ ಜಜ್ಜಿದ ಸ್ನಾಯುವಿನಲ್ಲಿ ಕೂಡಿಕೊಂಡ ಪೊಟ್ಯಾಸಿಯಂ, ಮಯೋಗ್ಲೋಬಿನ್ ಎಂಬ ಸ್ನಾಯುವಿನ ಪ್ರೋಟೀನು ಎಲ್ಲ ಕಲ್ಲೆತ್ತಿದ ಕೂಡಲೇ ರಕ್ತಕ್ಕೆ ನುಗ್ಗುತ್ತವೆ. ಸಂಜೆಯೊಳಗೆ ಹೃದಯ ನಿಲ್ಲಬಹುದು, ಇಲ್ಲವಾದರೆ ಎರಡು ದಿನದಲ್ಲಿ ಮೂತ್ರಪಿಂಡ ಕೈಕೊಡಬಹುದು. ಇದಕ್ಕೆ ಕ್ರಶ್ ಸಿಂಡ್ರೋಮ್ ಎನ್ನುತ್ತೇವೆ. ಕಲ್ಲೆತ್ತುವ ಮೊದಲೇ ಸಲೈನ್ ಹಚ್ಚಿದರೆ ಬಹಳ ಮಂದಿ ಉಳಿಯುತ್ತಾರೆ, ಮೂತ್ರಪಿಂಡ ಕೈಕೊಟ್ಟವರಲ್ಲಿ ಎಷ್ಟೋ ಜನರಿಗೆ ಡಯಾಲಿಸಿಸ್ ಬೇಕಾಗುತ್ತದೆ. ಟರ್ಕಿಯ ಮರ್ಮರ ಭೂಕಂಪದಲ್ಲಿ, 1999ರಲ್ಲಿ, ಹೀಗೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ 639 ಜನರ ದಾಖಲೆ ಇದೆ. ಅವರಲ್ಲಿ 477 ಮಂದಿಗೆ ಡಯಾಲಿಸಿಸ್ ಮಾಡಬೇಕಾಯಿತು.

ಈಗ ಹೇಳಿ, ಇವನು ಎಷ್ಟು ಹೊತ್ತು ಸಿಕ್ಕಿಕೊಂಡಿದ್ದ ಎಂದು ಗೊತ್ತಿರುವುದು ಯಾರಿಗೆ? ಅವನನ್ನು ಅಗೆದು ತೆಗೆದ ನೆರೆಮನೆಯವನಿಗೆ. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ತಂದವನಿಗೆ. ಅವನನ್ನು ನಾವು ಏನು ಮಾಡುತ್ತೇವೆ? ಗಲಾಟೆಯಾಗುತ್ತದೆಂದು ಗೇಟಿನಲ್ಲೇ ತಡೆದು ಕಳಿಸುತ್ತೇವೆ. ರೋಗಿಯ ಹೆಸರು, ಊರು, ಮನೆಯವರು, ಸಕ್ಕರೆ ಕಾಯಿಲೆ ಇದೆಯೇ, ಎಷ್ಟು ಗಂಟೆ ಕಲ್ಲಿನಡಿ ಇದ್ದ, ಎಲ್ಲ ಮಾಹಿತಿಯೂ ಅವನ ಜತೆಗೇ ಗೇಟಿನಾಚೆ ಹೋಗಿಬಿಡುತ್ತದೆ. ಮಂಗಳವಾರದ ಡ್ರಿಲ್‌ನಲ್ಲೂ ಹಾಗೆಯೇ ಆಯಿತು. ಜತೆಗೆ ಬಂದವರ ಪಾತ್ರ ಮಾಡಿದ ಹುಡುಗರನ್ನು ಸೆಕ್ಯೂರಿಟಿಯವರು ಚೆನ್ನಾಗಿ ತಡೆದರೆಂದು ವರದಿಯಲ್ಲಿ ಮೆಚ್ಚಿ ಬರೆದಿದ್ದಾರೆ. ಸೆಕ್ಯೂರಿಟಿಯವರ ತಪ್ಪೇನೂ ಇಲ್ಲ, ಅವರಿಗೆ ಹೇಳಿಕೊಟ್ಟದ್ದೇ ಹಾಗೆ.

ಹೀಗಾಗಿ ತಾಯಿಗೆ ಸುದ್ದಿ ಹೇಳುವುದೂ ಜೀವ ಉಳಿಸುವುದೂ ಬೇರೆ ಬೇರೆ ಕೆಲಸ ಎಂದು ನನಗನ್ನಿಸುವುದಿಲ್ಲ. ಎರಡಕ್ಕೂ ಬೇಕಾದದ್ದು ಬಾಗಿಲಲ್ಲಿ ಪೆನ್ನು ಹಿಡಿದು ಕೂತ ಒಬ್ಬ ಮನುಷ್ಯ. ಅವನು ಡಾಕ್ಟರೂ ಆಗಬೇಕಿಲ್ಲ, ನರ್ಸೂ ಆಗಬೇಕಿಲ್ಲ. ಸಾವಧಾನವಾಗಿ ಕೇಳುವವನಾಗಿರಬೇಕು, ಓದಲು ಬರುವಂತೆ ಬರೆಯುವವನಾಗಿರಬೇಕು. ಡಯಾಲಿಸಿಸ್ ಮಷೀನ್ ಎಲ್ಲಿ ಖಾಲಿ ಇದೆ, ಯಾವ ಆಸ್ಪತ್ರೆಯ ಮೂಳೆ ವಿಭಾಗ ತುಂಬಿದೆ ಎಂದು ಜಿಲ್ಲೆಯ ಕಂಟ್ರೋಲ್ ರೂಮ್ ಲೆಕ್ಕ ಹಾಕಬೇಕಾದರೂ ಅದರ ಬೇರು ಆ ಒಂದು ಚೀಟಿಯಲ್ಲೇ ಇದೆ.

ನಮ್ಮ ಕಡೆ ಇದೆಲ್ಲ ಯಾಕೆ ಎಂದು ಕೇಳುವವರು ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದವರನ್ನು ಮಾತಾಡಿಸಬೇಕು. 2021ರ ಅಕ್ಟೋಬರ್‌ನಲ್ಲಿ ಮೇಲಿಂದ ಮೇಲೆ ನೆಲ ನಡುಗಿ, ಮನೆಯೊಳಗೆ ಮಲಗಲು ಹೆದರಿ ಜನ ಹೊರಗೆ ರಾತ್ರಿ ಕಳೆದರು. ದೊಡ್ಡದೇನೂ ಆಗಲಿಲ್ಲ, ದೇವರ ದಯೆ. ಆದರೆ ಕಿಲ್ಲಾರಿ ನೋಡಿದವರ ಎದೆ ಹೇಗೆ ಹೊಡೆದುಕೊಂಡಿರಬೇಕು.

ಗುರುವಾರ ಸಿಸ್ಟರ್ ಒಂದು ರೂಲ್ಡ್ ಹಾಳೆ ತಂದು ನನ್ನ ಮೇಜಿನ ಮೇಲಿಟ್ಟರು. ಸ್ಕೇಲು ಹಿಡಿದು ಗೆರೆ ಎಳೆದ ಕಾಲಂಗಳು: ಹೆಸರು, ಊರು, ಎಲ್ಲಿ ಸಿಕ್ಕಿದರು, ಎಷ್ಟು ಹೊತ್ತು ಸಿಕ್ಕಿಕೊಂಡಿದ್ದರು, ತಂದವರು ಯಾರು, ಜತೆಗೆ ಯಾರಿದ್ದರು, ಇಲ್ಲಿಂದ ಎಲ್ಲಿಗೆ ಕಳಿಸಿದೆವು. ಹೆಸರು ಹೇಳಲು ಆಗದವರಿಗೆ ಬೇರೆ ಸಾಲು: ಉಟ್ಟ ಬಟ್ಟೆ, ಹಚ್ಚೆ, ಕಿವಿಯೋಲೆ, ಹಳೆಯ ಗಾಯದ ಕಲೆ. ಮೂರು ಪ್ರತಿ. ಒಂದು ರೋಗಿಯ ಕೈಗೇ ಕಟ್ಟಬೇಕು, ಒಂದು ನಮ್ಮಲ್ಲಿ, ಒಂದು ಗೇಟಿನ ಹೊರಗಿನ ಬೋರ್ಡಿಗೆ. ಬೋರ್ಡಿನ ಪ್ರತಿಯ ಬಗ್ಗೆ ನಮ್ಮಿಬ್ಬರಿಗೆ ಇನ್ನೂ ಒಮ್ಮತವಿಲ್ಲ. ಗಾಯದ ವಿವರವನ್ನು ಊರಿಗೆಲ್ಲ ಕಾಣುವಂತೆ ಹಾಕಬಾರದು ಎನ್ನುವುದು ನನ್ನ ವಾದ. ಹೆಸರು, ಊರು, ವಾರ್ಡ್ ಅಷ್ಟೇ ಸಾಕು. ಅವರು ಬಣ್ಣವನ್ನೂ ಹಾಕಿ ಎನ್ನುತ್ತಾರೆ, ಇಲ್ಲದಿದ್ದರೆ ಬಂದವರಿಗೆ ಜೀವ ಇದೆಯೋ ಇಲ್ಲವೋ ತಿಳಿಯುವುದಿಲ್ಲವಂತೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಫಾರ್ಮ್ ಅನ್ನು ಕನ್ನಡದ ಜತೆ ಮರಾಠಿಯಲ್ಲೂ ಅಚ್ಚು ಹಾಕಿಸಬೇಕೆಂದು ಕೊನೆಗೆ ಸೇರಿಸಿದರು. ಗಡಿಯ ಆಚೆ ಆದರೆ ಅವರು ಇಲ್ಲಿಗೆ ಬರುತ್ತಾರೆ, ಈಚೆ ಆದರೆ ನಾವು ಸೊಲ್ಲಾಪುರಕ್ಕೆ ಹೋಗುತ್ತೇವೆ. ಸೋಮವಾರದ ಮೀಟಿಂಗ್‌ನಲ್ಲಿ ಇದನ್ನು ಇಡುತ್ತಿದ್ದೇನೆ. ಆಳಂದ, ಬಸವಕಲ್ಯಾಣ, ಬೀದರ್ ಕಡೆಯ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮಲ್ಲಿ ಬಾಗಿಲಲ್ಲಿ ಹೆಸರು ಬರೆದುಕೊಳ್ಳುವ ಜವಾಬ್ದಾರಿ ಯಾರಿಗೆ ಕೊಟ್ಟಿದ್ದಾರೆ ತಿಳಿಸಿ. ಮೀಟಿಂಗ್‌ಗೆ ಮೊದಲು ಸಿಕ್ಕರೆ ಅದನ್ನೂ ಸೇರಿಸಿಕೊಳ್ಳುತ್ತೇನೆ.