ಫಿನಾಮಿನಾಲಜಿ ಅಂದ್ರೆ ಸೈಕಾಲಜಿನೇ ಅಲ್ವಾ?

ನಾನು ತತ್ವಶಾಸ್ತ್ರ ಓದುತ್ತೇನೆ ಅಂತ ಗೊತ್ತಿರುವವರು ಆಗಾಗ ಕೇಳುತ್ತಾರೆ: ‘ಈ ಫಿನಾಮಿನಾಲಜಿ ಮನುಷ್ಯರ ಅನುಭವದ ಬಗ್ಗೆ ತಾನೇ? ಹಾಗಾದ್ರೆ ಅದು ಸೈಕಾಲಜಿನೇ ಅಲ್ವಾ?’

ಅಲ್ಲ. ತಮಾಷೆ ಏನೆಂದರೆ, ತತ್ವಶಾಸ್ತ್ರದ ಈ ಶಾಖೆಯನ್ನು ಶುರು ಮಾಡಿದ ಎಡ್ಮುಂಡ್ ಹುಸರ್ಲ್ ಮೊದಲು ಜಗಳಕ್ಕೆ ನಿಂತದ್ದೇ ಎಲ್ಲವನ್ನೂ ಸೈಕಾಲಜಿಗೆ ತಂದು ಕಟ್ಟುವವರ ಜೊತೆ. ಆತ ಗಣಿತ ಓದಿ ಬಂದವನು. ತರ್ಕದ ನಿಯಮ ಅಂದರೆ ನಮ್ಮ ಮನಸ್ಸು ಕೆಲಸ ಮಾಡುವ ರೀತಿ, ಅಷ್ಟೇ ಎಂದು ಆಗ ಹಲವರು ವಾದಿಸುತ್ತಿದ್ದರು. ಹಾಗಿದ್ದರೆ ನಮ್ಮ ಮನಸ್ಸು ಬೇರೆ ಥರ ಇದ್ದಿದ್ದರೆ ಎರಡಕ್ಕೆ ಎರಡು ಕೂಡಿಸಿದಾಗ ಐದು ಬರುತ್ತಿತ್ತೇ? 1900ರಲ್ಲಿ ಬಂದ ‘ಲಾಜಿಕಲ್ ಇನ್ವೆಸ್ಟಿಗೇಶನ್ಸ್’ನ ಮೊದಲ ಭಾಗದಲ್ಲಿ ಹುಸರ್ಲ್ ಈ ವಾದವನ್ನು ಬುಡದಿಂದಲೇ ಅಲ್ಲಾಡಿಸಿದ.

ಆತನ ಪ್ರಶ್ನೆ ಬೇರೆ. ಒಂದು ವಸ್ತು ನಮಗೆ ವಸ್ತುವಾಗಿ ಕಾಣುವುದಾದರೂ ಹೇಗೆ? ಬೀದಿಯಲ್ಲಿ ನಿಂತು ಒಂದು ಮನೆ ನೋಡಿ. ಕಣ್ಣಿಗೆ ಬೀಳುವುದು ಮುಂಭಾಗ ಮಾತ್ರ. ಆದರೂ ನೀವು ನೋಡುತ್ತಿರುವುದು ಮನೆಯನ್ನು. ಹಿಂದೆ ಹಿತ್ತಿಲಿದೆ, ಒಳಗೆ ಕೋಣೆಗಳಿವೆ ಎಂಬ ನಿರೀಕ್ಷೆ ಆ ನೋಟದಲ್ಲೇ ಸೇರಿಕೊಂಡಿದೆ. ಸುತ್ತಿ ಹೋದಾಗ ಅದು ಸಿನಿಮಾ ಸೆಟ್ ಅಂತ ಗೊತ್ತಾದರೆ ಬೆಚ್ಚುತ್ತೀರಲ್ಲ, ಅದಕ್ಕೆ ಕಾರಣ ಈ ನಿರೀಕ್ಷೆಯೇ.

ನನಗೆ ಇನ್ನೂ ಜಾಸ್ತಿ ಇಷ್ಟವಾದದ್ದು, ಕಾಲದ ಅರಿವಿನ ಬಗ್ಗೆ 1905ರಲ್ಲಿ ಆತ ಜರ್ಮನಿಯ ಗಾಟಿಂಗನ್‌ನಲ್ಲಿ ಕೊಟ್ಟ ಉಪನ್ಯಾಸಗಳು. ಒಂದು ಧಾಟಿಯನ್ನು ಕೇಳುತ್ತಿದ್ದೀರಿ. ಹಿಂದಿನ ಸ್ವರ ಪೂರ್ತಿ ಅಳಿಸಿಹೋದರೆ ಬಿಡಿ ಸ್ವರ ಮಾತ್ರ ಉಳಿಯುತ್ತದೆ, ಧಾಟಿ ಇರುವುದಿಲ್ಲ. ಎಲ್ಲಾ ಸ್ವರಗಳೂ ಒಟ್ಟಿಗೆ ಕೇಳುತ್ತಲೇ ಇದ್ದರೆ ಬರೀ ಗದ್ದಲ. ಈಗಷ್ಟೇ ಮುಗಿದ ಸ್ವರ ‘ಮುಗಿದದ್ದು’ ಎಂಬ ರೂಪದಲ್ಲೇ ಉಳಿದಿರಬೇಕು. ಬರಲಿರುವುದರ ಕಡೆಗೆ ಕಿವಿ ಆಗಲೇ ಚಾಚಿರಬೇಕು. ಇದು ನೆನಪಲ್ಲ. ನಿನ್ನೆಯ ಹಾಡನ್ನು ನೆನೆಸಿಕೊಳ್ಳುವುದೇ ಬೇರೆ. ‘ಈಗ’ ಅನ್ನುವುದು ಒಂದು ಚುಕ್ಕಿಯಲ್ಲ, ಅದಕ್ಕೆ ಅಗಲ ಇದೆ.

ಜಗತ್ತನ್ನು ಕಂಸದೊಳಗೆ ಇಡಿ ಅಂತ ಹುಸರ್ಲ್ 1913ರಲ್ಲಿ ಹೇಳಿದ್ದು ಬಹಳ ಜನರನ್ನು ಗಲಿಬಿಲಿ ಮಾಡಿದೆ. ಜಗತ್ತು ಇಲ್ಲ ಅಂತ ಅದರರ್ಥವಲ್ಲ. ‘ಅದು ಇದ್ದೇ ಇದೆ’ ಎಂಬ ನಂಬಿಕೆಯ ಮೇಲೆ ವಾದ ಕಟ್ಟದೆ, ಆ ನಂಬಿಕೆ ಹೇಗೆ ಹುಟ್ಟುತ್ತದೆ ನೋಡೋಣ ಅಂತ. ಆತನ ಕೆಲವು ಶಿಷ್ಯರಿಗೇ ಇದು ಹಿಡಿಸಲಿಲ್ಲ.

ಹುಸರ್ಲ್‌ನ ಸಹಾಯಕನಾಗಿದ್ದ ಮಾರ್ಟಿನ್ ಹೈಡೆಗರ್ 1927ರ ತನ್ನ ‘ಬೀಯಿಂಗ್ ಆ್ಯಂಡ್ ಟೈಮ್’ ಪುಸ್ತಕವನ್ನು ಹುಸರ್ಲ್‌ಗೇ ಅರ್ಪಿಸಿ, ಅದರೊಳಗೆ ಬೇರೆ ದಾರಿ ಹಿಡಿದ. ವಸ್ತುಗಳನ್ನು ನಾವು ಮೊದಲು ನೋಡುತ್ತಾ ಕೂರುವುದಿಲ್ಲ, ಬಳಸುತ್ತೇವೆ ಅನ್ನುವುದು ಆತನ ವಾದ. ಕೆಲಸದಲ್ಲಿ ಮುಳುಗಿದ ಬಡಗಿ ಸುತ್ತಿಗೆಯನ್ನು ನೋಡುತ್ತಾ ಕೂರುವುದಿಲ್ಲ, ಅದು ಮುರಿದಾಗಲೇ ಅದರ ಕಡೆ ಗಮನ. ಹೈಡೆಗರ್ ಭಾಷೆ ಮಾತ್ರ ನನಗೆ ಸುಮ್ನೆ ಸುಸ್ತು.

ಇಷ್ಟಾದರೂ ಸೈಕಾಲಜಿಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನೋ ಹಾಗಿಲ್ಲ. ಫ್ರೆಂಚ್ ತತ್ವಜ್ಞಾನಿ ಮೆರ್ಲೋ-ಪಾಂಟಿ 1945ರಲ್ಲಿ ದೇಹದ ಬಗ್ಗೆ ಬರೆದಾಗ, ಮೊದಲ ಮಹಾಯುದ್ಧದಲ್ಲಿ ಮಿದುಳಿಗೆ ಪೆಟ್ಟಾಗಿದ್ದ ಸೈನಿಕನೊಬ್ಬನ ಕುರಿತ ವೈದ್ಯಕೀಯ ವರದಿಗಳನ್ನೇ ಎದುರಿಗಿಟ್ಟುಕೊಂಡಿದ್ದ. ಸೊಳ್ಳೆ ಕಚ್ಚಿದರೆ ಆ ಸೈನಿಕನ ಕೈ ಥಟ್ಟನೆ ಅಲ್ಲಿಗೇ ಹೋಗುತ್ತಿತ್ತು. ಕಣ್ಣು ಮುಚ್ಚಿ ಮೂಗು ತೋರಿಸು ಅಂದರೆ ಆತನಿಗೆ ಆಗುತ್ತಿರಲಿಲ್ಲ. ತನ್ನ ಮೂಗು ಎಲ್ಲಿದೆ ಅಂತ ಆತನಿಗೆ ಗೊತ್ತಿತ್ತೋ ಇಲ್ಲವೋ? ವರದಿ ವೈದ್ಯರದ್ದು, ‘ಗೊತ್ತು’ ಅಂದರೇನು ಎಂಬ ಪ್ರಶ್ನೆ ಮಾತ್ರ ಫಿನಾಮಿನಾಲಜಿಯದ್ದು.